ಕುಡುಗೋಲಿನ ಕಪ್ಪು ಬೇರೆ, ತುಕ್ಕು ಬೇರೆ



ಕುರ್ಡಿ ಸುತ್ತಮುತ್ತ ಜೋಳ, ತೊಗರಿ ಕೊಯ್ಲಿಗೆ ಹೋಗುವ ನಮಗೆ ಕುಡುಗೋಲೇ ಕೈಬಲ. ಮನೆಯಲ್ಲಿ ಈಳಿಗೆ, ಚಾಕು. ಮೊಂಡಾದ ಕುಡುಗೋಲು ರಟ್ಟೆ ನೋಯಿಸುತ್ತದೆ, ಜಾರಿ ಬೆರಳು ಕೊಯ್ಯುತ್ತದೆ. ಬೆರಳು ಕೊಯ್ದರೆ ಕೂಲಿಯೂ ಹೋಯಿತು. ಆದ್ದರಿಂದ ಈ ಸಲ ಅದರ ಆರೈಕೆ ತಿಳಿಯೋಣ.

ಎರಡು ಬಗೆಯ ಉಕ್ಕು

ಅಂಗಡಿಯ ಹೊಳೆಯುವ ಸ್ಟೀಲ್ ಚಾಕುವಿನಲ್ಲಿ ಕ್ರೋಮಿಯಂ ಬೆರೆತಿರುತ್ತದೆ. ಅದಕ್ಕೇ ಬೇಗ ತುಕ್ಕು ಹಿಡಿಯದು. ಕಮ್ಮಾರರು ಬಡಿದು ಕೊಡುವ ಕುಡುಗೋಲು ಇಂಗಾಲದ ಉಕ್ಕು. ಹಳೆ ಲಾರಿಯ ಕಮಾನು ಪಟ್ಟಿಯಿಂದಲೂ ಮಾಡುತ್ತಾರೆ. ಸಾಣೆ ಸುಲಭ, ಚೂಪು ಚೆನ್ನಾಗಿ ನಿಲ್ಲುತ್ತದೆ. ಆದರೆ ತೇವ ತಾಳದು.

ಇಂಗಾಲದ ಉಕ್ಕಿಗೆ ನಮ್ಮ ದೇಶ ಹಿಂದೆ ಹೆಸರಾಗಿತ್ತು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಭಾರತದ 'ವೂಟ್ಜ್' ಉಕ್ಕನ್ನು ಪರೀಕ್ಷಿಸಿ ಬರೆದರು. ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದಿದೆ ಅಂತ ಹಲವು ವಿದ್ವಾಂಸರು ಹೇಳುತ್ತಾರೆ.

ಬಣ್ಣ ನೋಡಿ ತಿಳಿಯಿರಿ

ಕಪ್ಪು, ಬೂದು: ಉಳ್ಳಾಗಡ್ಡಿ, ಮಾವಿನಕಾಯಿ ಕೊಯ್ದಾಗ ಕೂಡುವ ತೆಳು ಪದರು. ಇದು ಕೊಳೆಯಲ್ಲ, ತುಕ್ಕನ್ನು ತುಸು ತಡೆಯುತ್ತದೆ. "ಕಪ್ಪಾಗೈತಿ" ಅಂತ ಹಿತ್ತಾಳೆ ಚೆಂಬಿನ ಹಾಗೆ ಹುಣಸೆಹಣ್ಣು ಹಚ್ಚಿ ಬೆಳಗಬೇಡಿ.

ಕೆಂಪು: ಇದೇ ತುಕ್ಕು. ಉಕ್ಕನ್ನೇ ತಿನ್ನುತ್ತದೆ. ಕೂಡಲೇ ತೆಗೆಯಿರಿ.

ನೀಲಿ: ಮೋಟಾರ್ ಸಾಣೆಯಲ್ಲಿ ಕಾವು ಹೆಚ್ಚಾಗಿ ಅಂಚಿನ ಹದ ಕೆಟ್ಟಿದೆ. ಅಲ್ಲಿ ಚೂಪು ನಿಲ್ಲದು. ನೀರಲ್ಲಿ ಅದ್ದುತ್ತಾ ಸಾಣೆ ಹಿಡಿಯಲು ಹೇಳಿ.

ನಾವು ಮಾಡಬೇಕಾದದ್ದು

1. ಕೆಲಸ ಮುಗಿದ ಕೂಡಲೇ ತೊಳೆದು, ಒಣ ಬಟ್ಟೆಯಿಂದ ಒರೆಸಿ. ನೀರಲ್ಲಿ ನೆನೆಯಲು ಬಿಡಬೇಡಿ.
2. ಎತ್ತಿಡುವ ಮುಂಚೆ ಅಡುಗೆ ಎಣ್ಣೆ ಎರಡು ಹನಿ ಸವರಿ. ಒದ್ದೆ ಗೋಣಿಚೀಲದಲ್ಲಿ ಸುತ್ತಬೇಡಿ.
3. ತುಕ್ಕಿದ್ದರೆ ನುಣ್ಣನೆ ಇಟ್ಟಿಗೆ ಪುಡಿಗೆ ಎಣ್ಣೆ ಕಲಸಿ, ದಪ್ಪ ಬಟ್ಟೆಯಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಮೆಲ್ಲಗೆ ಉಜ್ಜಿ. ತೊಳೆದು, ಒರೆಸಿ, ಎಣ್ಣೆ ಹಚ್ಚಿ.
4. ಹಲ್ಲಿನ ಕುಡುಗೋಲನ್ನು ಮನೆಯ ಕಲ್ಲಿಗೆ ತಿಕ್ಕಬೇಡಿ, ಹಲ್ಲು ಸವೆಯುತ್ತದೆ. ಕಮ್ಮಾರರ ಹತ್ತಿರ ಒಯ್ಯಿರಿ.
5. ಮಕ್ಕಳ ಕೈಗೆ ಸಿಗದ ಹಾಗೆ ಎತ್ತರದಲ್ಲಿಡಿ.

ಗಾಯವಾದರೆ

ಧನುರ್ವಾಯು ತುಕ್ಕಿನಿಂದ ಬರುತ್ತದೆ ಅನ್ನುತ್ತಾರೆ. ನಿಜವಾಗಿ ಅದರ ರೋಗಾಣು ಇರುವುದು ಮಣ್ಣು, ಸಗಣಿಯಲ್ಲಿ. ಕುಡುಗೋಲು ಹೊಳೆಯುತ್ತಿದ್ದರೂ ಅಪಾಯ ತಪ್ಪದು. ಗಾಯವನ್ನು ಸೋಪು, ನೀರಿನಿಂದ ತೊಳೆದು ಆರೋಗ್ಯ ಕೇಂದ್ರಕ್ಕೆ ಹೋಗಿ, ಚುಚ್ಚುಮದ್ದು ಬೇಕೇ ಅಂತ ಕೇಳಿ.

ಸಭೆಯಲ್ಲಿ ಚರ್ಚಿಸಿ

* ನಮ್ಮ ಮನೆಯ ಕುಡುಗೋಲು ಈಗ ಯಾವ ಬಣ್ಣದಲ್ಲಿದೆ?
* ಕೊಯ್ಲಿಗೆ ಮೊದಲು ಸಂಘದವರೆಲ್ಲರ ಕುಡುಗೋಲುಗಳನ್ನು ಒಟ್ಟಿಗೆ ಹದ ಮಾಡಿಸಬಹುದೇ?