ಮೊದಲ ಸೆಮಿಸ್ಟರಿಗೆ ಒಂದೇ ಸಾಕು

ಕೆಲಸದಲ್ಲಿದ್ದುಕೊಂಡೇ ಜಾರ್ಜಿಯಾ ಟೆಕ್‌ನ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರ ಪದವಿಗೆ ಸೇರಿದ್ದೀರಾ? ಬೇಕಿರುವುದು 10 ಕೋರ್ಸು. ಎರಡೆರಡರಂತೆ ಬೇಗ ಮುಗಿಸಿಬಿಡೋಣ ಅನ್ನುವ ಉಮೇದು ಬರುತ್ತದೆ. ಬೇಡ. ಆಫೀಸು ಮುಗಿಸಿ, ಮಕ್ಕಳನ್ನು ಮಲಗಿಸಿ ಕೂತರೆ ಒಂದೇ ಕೋರ್ಸು ವಾರದ ರಾತ್ರಿಗಳನ್ನೆಲ್ಲ ನುಂಗುತ್ತದೆ. ಆ ಒಂದು ‘ಫೌಂಡೇಶನಲ್’ ಪಟ್ಟಿಯದೇ ಆಗಿರಲಿ. ಮೊದಲ ವರ್ಷದೊಳಗೆ ಅಂಥವು ಎರಡನ್ನು ಕನಿಷ್ಠ ‘ಬಿ’ ಗ್ರೇಡಿನಲ್ಲಿ ದಾಟಲೇಬೇಕು.

ನೋಂದಣಿಯ ಸರದಿ ಹಳಬರಿಗೆ ಮೊದಲು, ಹೊಸಬರಿಗೆ ಆಮೇಲೆ. ಹಾಗಾಗಿ ಇಷ್ಟಪಟ್ಟದ್ದು ಭರ್ತಿಯಾಗಿರಬಹುದು. ಇನ್ನೆರಡು ಕೋರ್ಸುಗಳ ಹೆಸರು ಬರೆದಿಟ್ಟುಕೊಂಡಿರಿ. ವೇಟ್‌ಲಿಸ್ಟಿನಲ್ಲಿದ್ದರೆ ಇಮೇಲ್ ನೋಡುತ್ತಲೇ ಇರಿ. ಸೀಟು ಬಂತೆಂದು ತಿಳಿಸಿದ ಮೇಲೆ ಕೊಡುವ ಗಡುವು ಚಿಕ್ಕದು, ಗಡಿಯಾರ ಜಾರ್ಜಿಯಾ ಟೆಕ್ ಇರುವ ಅಟ್ಲಾಂಟಾದ್ದು. ಅಲ್ಲಿ ಮಧ್ಯಾಹ್ನವಾದಾಗ ಬೆಂಗಳೂರಿನಲ್ಲಿ ನೀವು ಒಳ್ಳೇ ನಿದ್ದೆಗೆ ಜಾರುತ್ತಿರುತ್ತೀರಿ.