ಹಿಮ ಚಿರತೆ ತಿಂದ ಕುರಿಗೆ ದುಡ್ಡು ಕೊಡೋರು ಯಾರು?

ಗೆಳೆಯರೇ, ತೋಳ ಬಂದು ಕುರಿ ಹೊತ್ತೊಯ್ದರೆ ಕುರಿ ಕಾಯುವವರ ಹೊಟ್ಟೆ ಎಷ್ಟು ಉರಿಯುತ್ತದೆ ಅಂತ ನಮಗೆಲ್ಲಾ ಗೊತ್ತು. "ಕಾಡುಪ್ರಾಣಿ ಕೊಲ್ಲಬೇಡಿ" ಅಂತ ಗೋಡೆ ಮೇಲೆ ಬರೆಯೋದು ಸುಲಭ. ಆದರೆ ಸತ್ತ ಕುರಿಯ ನಷ್ಟ ತುಂಬೋರು ಯಾರು? ಇದಕ್ಕೆ ಹಿಮಾಲಯದ ಒಂದು ಹಳ್ಳಿ ಉತ್ತರ ಕಂಡುಕೊಂಡಿದೆ. ಅದನ್ನು ತಿಳಿಯೋಣ.

ಊರು: ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯಲ್ಲಿ ಕಿಬ್ಬರ್ ಎಂಬ ಹಳ್ಳಿ ಇದೆ. ಎತ್ತರ ಸುಮಾರು 14,000 ಅಡಿ. ಜನರು ಬಾರ್ಲಿ, ಬಟಾಣಿ ಬೆಳೆಯುತ್ತಾರೆ. ಯಾಕ್, ಕುರಿ, ಮೇಕೆ, ಕುದುರೆ, ಕತ್ತೆ ಸಾಕುತ್ತಾರೆ.

ಪ್ರಾಣಿ: ಹಿಮ ಚಿರತೆಗೆ ಬೂದು ಮೈ, ಕಪ್ಪು ಮಚ್ಚೆ, ದಪ್ಪನೆಯ ಉದ್ದ ಬಾಲ. ಅಲ್ಲಿ ಅದರ ಮುಖ್ಯ ಆಹಾರ ಭರಲ್ ಎಂಬ ಕಾಡುಕುರಿ ಮತ್ತು ಐಬೆಕ್ಸ್ ಎಂಬ ಕಾಡುಮೇಕೆ. 2019ರಿಂದ 2023ರವರೆಗೆ ನಡೆದ ಗಣತಿಯ ಪ್ರಕಾರ ಭಾರತದಲ್ಲಿ ಅಂದಾಜು 718 ಹಿಮ ಚಿರತೆಗಳಿವೆ.

ಜಗಳ ಯಾಕೆ? ಸಾಕಿದ ಪ್ರಾಣಿ ಹೆಚ್ಚಾದಂತೆ ಹುಲ್ಲು ಸಾಲದೆ ಭರಲ್ ಕಡಿಮೆಯಾದವು. ಚಿರತೆ ಊರಿನ ಪ್ರಾಣಿಗಳನ್ನೂ ಹಿಡಿಯಿತು. ದೊಡ್ಡಿಯೊಳಗೆ ಹಾರಿದರೆ ಒಂದೇ ರಾತ್ರಿ ಹಲವು ಕುರಿ ಕೊಲ್ಲುವುದುಂಟು. ಸರ್ಕಾರದ ಪರಿಹಾರ ನಷ್ಟಕ್ಕೆ ಸಾಲುತ್ತಿರಲಿಲ್ಲ. ಜನಕ್ಕೆ ಸಿಟ್ಟು ಬರೋದು ಸಹಜ ತಾನೇ?

ನಮ್ಮ ಮೈಸೂರಿನಲ್ಲಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ವಿಜ್ಞಾನಿ ಚಾರುದತ್ತ ಮಿಶ್ರಾ ಮತ್ತು ಅವರ ಜೊತೆಗಾರರು ಊರವರ ಜೊತೆ ಕೂತು ಮಾತಾಡಿದರು. ಆಗ ಮೂರು ದಾರಿ ಹೊಳೆದವು.

1. ಮೇವಿನ ಮೀಸಲು: 1990ರ ದಶಕದ ಕೊನೆಯಲ್ಲಿ ಊರವರು ತಮ್ಮ ಹುಲ್ಲುಗಾವಲಿನ ಒಂದು ಭಾಗವನ್ನು ಭರಲ್‌ಗಳಿಗೆ ಬಿಟ್ಟರು. ಅಲ್ಲಿ ಮೇಯಿಸದೇ ಇರುವುದಕ್ಕೆ ಊರಿಗೆ ಹಣ ಸಿಕ್ಕಿತು. ಕಾವಲಿಗೂ ಊರವರನ್ನೇ ನೇಮಿಸಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಭರಲ್ ಹೆಚ್ಚಾದವು.

2. ಊರಿನದೇ ವಿಮೆ: ಭರಲ್ ಹೆಚ್ಚಿದರೆ ಚಿರತೆಯೂ ಹೆಚ್ಚಬಹುದು. ಹಾಗಾಗಿ ಮೀಸಲು ಒಂದೇ ಸಾಲದು. 2002ರಲ್ಲಿ ವಿಮೆ ಶುರುವಾಯಿತು. ಪ್ರಾಣಿ ಸಾಕಿದವರು ಒಂದೊಂದು ಪ್ರಾಣಿಗೆ ಇಷ್ಟು ಅಂತ ಕಂತು ಕಟ್ಟುತ್ತಾರೆ, ಹೊರಗಿನ ನೆರವೂ ಸೇರುತ್ತೆ. ನಮ್ಮ ಅಮ್ಮಂದಿರ ಸಂಘದ ಉಳಿತಾಯದ ಹಾಗೆ ಅಂದುಕೊಳ್ಳಿ. ಪ್ರಾಣಿ ಸತ್ತರೆ ಊರಿನ ಸಮಿತಿಯೇ ವಿಚಾರಿಸಿ ಪರಿಹಾರ ಕೊಡುತ್ತದೆ. ಸುಳ್ಳು ಹೇಳಿದ್ರೆ ನಡೆಯೋದು ಕಷ್ಟ, ಯಾಕಂದ್ರೆ ಯಾರ ಯಾಕ್ ಹೇಗೆ ಸತ್ತಿತು ಅನ್ನೋದು ಊರಿಗೆಲ್ಲಾ ಗೊತ್ತಿರುತ್ತೆ. ದುಡ್ಡೂ ಅವರದೇ.

3. ಭದ್ರವಾದ ದೊಡ್ಡಿ: ದೊಡ್ಡಿಯ ಮೇಲೆ ತಂತಿ ಬಲೆ, ಗಟ್ಟಿ ಬಾಗಿಲು. ಚಿರತೆ ಒಳಗೆ ಬರೋ ಹಾಗೇ ಇಲ್ಲ.

ಇವತ್ತು ಕಿಬ್ಬರ್ ಯುವಕರೇ ಬೆಟ್ಟ ಹತ್ತಿ ಕ್ಯಾಮೆರಾ ಕಟ್ಟಿ ಹಿಮ ಚಿರತೆ ಎಣಿಸುವ ಕೆಲಸದಲ್ಲಿದ್ದಾರೆ. ಈಗಲೂ ಪ್ರಾಣಿ ಸಾಯುತ್ತವೆ. ಆದರೆ ನಷ್ಟ ಒಂದೇ ಮನೆಯ ತಲೆ ಮೇಲೆ ಬೀಳೋದಿಲ್ಲ.

ನೆನಪಿಡಿ: ಹಿಮ ಚಿರತೆ ಉಳಿದರೆ ಸಂತೋಷ ಇಡೀ ದೇಶಕ್ಕೆ. ಹಾಗಿರುವಾಗ ಅದರ ಊಟದ ಖರ್ಚು ಬಡ ಕುರಿಗಾರನೊಬ್ಬನೇ ಕೊಡಬೇಕು ಅನ್ನೋದು ನ್ಯಾಯವಲ್ಲ.

ಪ್ರಶ್ನೆಗಳು

1. ಭರಲ್ ಕಡಿಮೆಯಾಗಲು ಕಾರಣವೇನು?
2. ಮೀಸಲಿನ ಜೊತೆಗೆ ವಿಮೆಯೂ ಯಾಕೆ ಬೇಕಾಯಿತು?
3. ನಿಮ್ಮ ಓಣಿಯಲ್ಲಿ ಕುರಿ ಸಾಕಿದವರನ್ನು ಕೇಳಿ: ಇಂಥ ವಿಮೆ ನಮ್ಮೂರಲ್ಲಿ ಮಾಡಿದರೆ ಅವರು ಕಂತು ಕಟ್ಟುತ್ತಾರಾ? ಅವರ ಉತ್ತರವನ್ನು ಬರೆದು ತನ್ನಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.