ಕಾಳನ್ನು ಕಾಳಾಗಿಯೇ ಕೊಳ್ಳಮ್ಮ

ಪುಟ್ಟೀ,

ನೀನೂ ಅಳಿಯಂದಿರೂ ಇನ್ನು ಮೇಲೆ ಅಡುಗೆಯಲ್ಲಿ ಸಿರಿಧಾನ್ಯಕ್ಕೆ ಜಾಗ ಕೊಡಬೇಕು, ಆದಷ್ಟು ಸಾವಯವದ್ದನ್ನೇ ತರಬೇಕು ಅಂತ ತೀರ್ಮಾನ ಮಾಡಿದ್ದೀರಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು, ಕೇಳಿ ಮನಸ್ಸು ತುಂಬಿ ಬಂತು. ತಿನ್ನುವುದು ಎಲ್ಲಿಂದ ಬಂತು, ಅದರಿಂದ ಮೈಗೇನು, ಮಣ್ಣಿಗೇನು ಎಂದು ನಿಮ್ಮ ವಯಸ್ಸಿನವರು ಕೇಳತೊಡಗಿದ್ದೀರಲ್ಲ, ಅದಕ್ಕಿಂತ ಒಳ್ಳೆಯ ಸುದ್ದಿ ನನಗೆ ಬೇಕಿಲ್ಲ. ಅಂಗಡಿಗೆ ಹೊರಡುವ ಮೊದಲು ದೊಡ್ಡಮ್ಮನ ಒಂದು ಮಾತು ಕಿವಿಗೆ ಹಾಕಿಕೊ: ಕಾಳನ್ನು ಕಾಳಾಗಿಯೇ ಕೊಳ್ಳು. ಮಿಕ್ಕಿದ್ದೆಲ್ಲ ಈ ಮಾತಿನ ಹಿಂದೆಯೇ ಬರುತ್ತದೆ.

ಭಾರತ ಮುಂದಿಟ್ಟ ಪ್ರಸ್ತಾವವನ್ನು ಒಪ್ಪಿ ವಿಶ್ವಸಂಸ್ಥೆ 2023 ಅನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಈಗ ಬಿಸ್ಕತ್ತು, ನೂಡಲ್ಸ್, ಚಿಪ್ಸ್ ಎಲ್ಲದರ ಮೇಲೂ ರಾಗಿ, ನವಣೆ, ಸಜ್ಜೆಯ ಚಿತ್ರ ಬಂದಿದೆ. ಚಿತ್ರ ನೋಡಿ ಬುಟ್ಟಿಗೆ ಹಾಕಬೇಡ, ಪೊಟ್ಟಣ ತಿರುಗಿಸಿ ಹಿಂದಿನ ಸಣ್ಣಕ್ಷರ ಓದು. ಯಾವ ಪದಾರ್ಥದ ತೂಕ ಹೆಚ್ಚೋ ಅದನ್ನು ಮೊದಲು ಬರೆಯಬೇಕು, ಕಡಿಮೆಯದನ್ನು ಕೊನೆಗೆ ಬರೆಯಬೇಕು ಎಂಬುದು ನಮ್ಮ ದೇಶದ ನಿಯಮ. ಮುಂದೆ 'ರಾಗಿ' ಅಂತ ದೊಡ್ಡದಾಗಿ ಬರೆದು, ಹಿಂದೆ ಮೊದಲ ಹೆಸರು 'ರಿಫೈನ್ಡ್ ವೀಟ್ ಫ್ಲೋರ್' ಅಂತಿದ್ದರೆ ಅದು ಮೈದಾ ಬಿಸ್ಕತ್ತೇ ಕಣಮ್ಮ. ಆಮೇಲೆ ಸಕ್ಕರೆ, ತಾಳೆ ಎಣ್ಣೆ ಬಂದು, ಅದರ ನಂತರ ರಾಗಿ ಬಂದರೆ ನೀನು ದುಡ್ಡು ಕೊಟ್ಟಿದ್ದು ಹೆಸರಿಗೆ ಮಾತ್ರ.

ದುಡ್ಡಿನ ಲೆಕ್ಕವನ್ನೂ ಒಮ್ಮೆ ನೋಡು. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವುದು ನಮ್ಮ ರಾಜ್ಯ. 2025-26ಕ್ಕೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಅಂದರೆ ಕೆಜಿಗೆ 49 ರೂಪಾಯಿಯಷ್ಟು. ಅದೇ ರಾಗಿ ಬಿಸ್ಕತ್ತಾಗಿ ಬಂದಾಗ ಕೆಜಿಗೆ ಎಷ್ಟು ಬೀಳುತ್ತದೆ ಎಂದು ಅಂಗಡಿಯಲ್ಲೇ ಲೆಕ್ಕ ಹಾಕು. ನಡುವಿನ ದುಡ್ಡಿನಲ್ಲಿ ಬೆಳೆದವನ ಕೈಗೆ ಹೋಗುವುದು ತೀರಾ ಸ್ವಲ್ಪ. ಕಾಳು ಕೊಂಡು ಪಕ್ಕದ ಹಿಟ್ಟಿನ ಮಿಲ್ಲಿನಲ್ಲಿ ಬೀಸಿಸಿಕೊಂಡರೆ ನಿನ್ನ ಜೇಬಿಗೂ ಹಗುರ, ಹಿಟ್ಟಿನಲ್ಲಿ ಏನಿದೆ ಎಂಬುದೂ ನಿನ್ನ ಕಣ್ಣಿಗೆ ಗೊತ್ತು.

ಕಾಳಿನಲ್ಲೂ ಒಂದು ಸೂಕ್ಷ್ಮವಿದೆ. ರಾಗಿ, ಜೋಳ, ಸಜ್ಜೆಗೆ ಮೇಲೆ ಗಟ್ಟಿ ಹೊಟ್ಟಿಲ್ಲ. ಹಸನು ಮಾಡಿದರೆ ಇಡಿಯಾಗಿಯೇ ಹಿಟ್ಟಾಗುತ್ತವೆ. ಸಾಮೆ, ನವಣೆ, ಹಾರಕ, ಊದಲು, ಕೊರಲೆ, ಬರಗಿಗೆ ಹೊಟ್ಟಿನ ಕವಚವಿರುತ್ತದೆ. ಅದನ್ನು ಬಿಡಿಸದೆ ತಿನ್ನಲಾಗದು. ನಮ್ಮವ್ವ, ಅತ್ತಿಗೆಯರು ಎಲ್ಲ ಸಾಮೆಯನ್ನು ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟುತ್ತಿದ್ದರು, ಮೊರದಲ್ಲಿ ಕೇರುತ್ತಿದ್ದರು, ಹೊಟ್ಟು ಉಳಿದಿದ್ದರೆ ಮತ್ತೆ ಕುಟ್ಟುತ್ತಿದ್ದರು. ಒಂದು ಹೊತ್ತಿನ ಅನ್ನಕ್ಕೆ ತೋಳು ಬಿದ್ದುಹೋಗುವಷ್ಟು ಕೆಲಸ. ಸೊಸೈಟಿ ಅಂಗಡಿಗೆ ಹಸನಾದ ಅಕ್ಕಿ ಬಂದಾಗ ಹೆಂಗಸರು ಸಾಮೆಯನ್ನು ಬಿಟ್ಟರೆ ಅದರಲ್ಲಿ ಅವರ ತಪ್ಪೇನಿದೆ? ಇವತ್ತು ಆ ಕೆಲಸಕ್ಕೆ ಯಂತ್ರ ಬಂದಿದೆ. ಅದು ಬಂದಿದ್ದರಿಂದಲೇ ನಿನ್ನಂಥವರಿಗೆ ಸಾಮೆ ಅಕ್ಕಿ ಸಲೀಸಾಗಿ ಸಿಗುತ್ತಿದೆ.

ಆದರೆ ಯಂತ್ರ ಹೊಟ್ಟು ಬಿಡಿಸಿದ ಮೇಲೂ ಬಿಡದೆ ಉಜ್ಜಿದರೆ ಒಳಗಿನ ತೌಡೂ ಹೋಗುತ್ತದೆ. ನಾರು, ವಿಟಮಿನ್‌ಗಳಲ್ಲಿ ಬಹುಪಾಲು ಇರುವುದು ಆ ತೌಡಿನಲ್ಲೇ. ಅಂಗೈಗೆ ಒಂದಿಷ್ಟು ಸಾಮೆ ಸುರಿದುಕೊಂಡು ನೋಡು. ಮಾಸಲು ಬಣ್ಣವಿದ್ದು ಮುಟ್ಟಿದರೆ ಸ್ವಲ್ಪ ತರಿತರಿ ಅನ್ನಿಸಿದರೆ ತೌಡು ಉಳಿದಿದೆ. ಬೆಳ್ಳಗೆ ಹೊಳೆಯುತ್ತಾ ನುಣುಪಾಗಿದ್ದರೆ ಪಾಲಿಶ್ ಆಗಿದೆ, ಹೆಚ್ಚಿನ ಬೆಲೆ ಕೊಟ್ಟು ತಂದರೂ ಬಿಳಿ ಅಕ್ಕಿಗೂ ಅದಕ್ಕೂ ಆಗ ಅಂತರ ಕಡಿಮೆ. ತೌಡಿನಲ್ಲಿ ಎಣ್ಣೆಯ ಅಂಶ ಇರುವುದರಿಂದ ಪಾಲಿಶ್ ಮಾಡದ ಕಾಳು ಬೇಗ ಕಮಟು ವಾಸನೆ ಹಿಡಿಯುತ್ತದೆ. ಆರು ತಿಂಗಳದ್ದನ್ನು ಒಟ್ಟಿಗೆ ತುಂಬಿಡಬೇಡ, ತಿಂಗಳಿಗೆ ಬೇಕಾದಷ್ಟೇ ತಾ.

ಇನ್ನು ಮಣ್ಣಿನ ವಿಷಯ. ನಮ್ಮ ಕಡೆ ರಾಗಿ ಹೊಲದಲ್ಲಿ ರಾಗಿ ಒಂದನ್ನೇ ಬಿತ್ತುವ ರೂಢಿ ಇರಲಿಲ್ಲ. ಕೆಲವು ಸಾಲಿಗೊಂದು ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಹಾಕುತ್ತಿದ್ದರು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತಿತ್ತು. ಅವರೆ, ತೊಗರಿಯ ಬೇರು ಗಾಳಿಯ ಸಾರಜನಕವನ್ನು ನೆಲಕ್ಕೆ ಹಿಡಿದುಕೊಡುತ್ತಿತ್ತು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಸೊಗಡಿನ ಅವರೆ ಮನೆಗೆ ಬರುತ್ತಿತ್ತು. ಈಗ ತಟ್ಟೆ ನೋಡು: ಮುದ್ದೆ, ಅವರೆಕಾಳು ಸಾರು, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿಪುಡಿ. ಹೊಲದಲ್ಲಿ ಜೊತೆಗೆ ಬೆಳೆದದ್ದೇ ತಟ್ಟೆಯಲ್ಲೂ ಜೊತೆಗೆ ಕೂತಿದೆ. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಅದು ಧಾರಾಳ. ಎರಡೂ ಸೇರಿದರೇ ಪೂರ್ತಿ. ಹಾಗಾಗಿ ಸಿರಿಧಾನ್ಯ ಒಂದನ್ನೇ ತಂದು ನಿಲ್ಲಿಸಬೇಡ, ಹುರುಳಿ, ಅವರೆ, ಅಲಸಂದೆಯನ್ನೂ ತಾ. ನೀನು ಇವೆಲ್ಲವನ್ನೂ ಕೇಳಿ ಕೊಂಡರೆ ರೈತನೂ ಇವೆಲ್ಲವನ್ನೂ ಬೆಳೆಯುತ್ತಾನೆ. ಮಳೆಯ ನೀರಿನಲ್ಲೇ ಬರುವ ಬೆಳೆಗಳಿವು. ಬತ್ತದ ಗದ್ದೆಯ ಹಾಗೆ ಇವಕ್ಕೆ ನೀರು ನಿಲ್ಲಿಸಬೇಕಿಲ್ಲ, ನಿಂತ ನೀರಿನಿಂದ ಏಳುವ ಮೀಥೇನ್ ಅನಿಲದ ಕಾಟವೂ ಇಲ್ಲ.

ಮೈಯ ಮಾತಿಗೆ ಬಂದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿಸಿದರೆ ಅದರೊಳಗಿನ ಕಬ್ಬಿಣ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಊಟಕ್ಕೆ ಒಂದು ಹೋಳು ನಿಂಬೆಹಣ್ಣು ಇರಲಿ, ಊಟವಾದ ಕೂಡಲೇ ಟೀ ಬೇಡ. ಟೀ ಕುಡಿದರೆ ಮೈಗೆ ಸೇರುವ ಕಬ್ಬಿಣ ಕಡಿಮೆಯಾಗುತ್ತದೆ.

ಒಂದೇ ದಿನ ಮೂರೂ ಹೊತ್ತು ಬದಲಾಯಿಸಲು ಹೋಗಬೇಡ. ಇಷ್ಟು ದಿನ ಬಿಳಿ ಅನ್ನ ಉಂಡ ಹೊಟ್ಟೆಗೆ ನಾರು ಒಮ್ಮೆಲೇ ಹೆಚ್ಚಾದರೆ ಉಬ್ಬರಿಸುತ್ತದೆ. ಮೊದಲು ದಿನಕ್ಕೆ ಒಂದು ಹೊತ್ತು ಸಾಕು, ನೀರು ಚೆನ್ನಾಗಿ ಕುಡಿ. ಸಾಮೆಯನ್ನು ಒಂದೆರಡು ಗಂಟೆ ನೆನೆಸಿ, ಒಂದು ಲೋಟಕ್ಕೆ ಎರಡೂವರೆ ಲೋಟ ನೀರಿಟ್ಟು ಬೇಯಿಸು, ಉದುರುದುರಾಗಿ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರು ಸಿರಿಧಾನ್ಯವಲ್ಲವೇ ಎಂದು ಲೆಕ್ಕವಿಲ್ಲದೆ ಉಣ್ಣುವುದು ತಪ್ಪು. ನುಣ್ಣಗಿನ ಹಿಟ್ಟಿನ ಗಂಜಿ ರಕ್ತದ ಸಕ್ಕರೆಯನ್ನು ಬೇಗ ಏರಿಸಬಲ್ಲದು. ಥೈರಾಯ್ಡ್ ತೊಂದರೆ ಇರುವವರು ಸಜ್ಜೆಯನ್ನು ದಿನಾ ತಿನ್ನುವ ಮೊದಲು ಡಾಕ್ಟರನ್ನು ಕೇಳಲಿ. ಬೆಲ್ಲವೂ ಅಷ್ಟೇ. ಸಕ್ಕರೆಯ ಬದಲು ಬೆಲ್ಲ ಹಾಕಿದ ಮಾತ್ರಕ್ಕೆ ಲಾಡು ಔಷಧಿಯಾಗುವುದಿಲ್ಲ.

ಸಾವಯವ ಎಂದು ಬರೆದ ಪೊಟ್ಟಣ ಕೊಳ್ಳುವಾಗ ಸಾವಯವ ಪ್ರಮಾಣಪತ್ರದ ಸರ್ಕಾರಿ ಗುರುತು ಇದೆಯೇ ನೋಡು. ಸಣ್ಣ ರೈತರು ತಾವೇ ನೇರವಾಗಿ ಗ್ರಾಹಕರಿಗೆ ಮಾರುವಾಗ ಆ ಪ್ರಮಾಣಪತ್ರ ಕಡ್ಡಾಯವಿಲ್ಲ. ಅಂಥ ಕಡೆ ಅವರನ್ನು ಮಾತಾಡಿಸು: ಎಲ್ಲಿಯ ಹೊಲ, ಗೊಬ್ಬರ ಏನು, ಹುಳ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳು. ಬೆಳೆದವರು ಸಂಕೋಚವಿಲ್ಲದೆ ಹೇಳುತ್ತಾರೆ. ಒಮ್ಮೆ ನಂಬಿಕೆ ಬಂದರೆ ಅವರ ಹತ್ತಿರವೇ ವರ್ಷವಿಡೀ ಕೊಳ್ಳು. ಕಾಯಂ ಗಿರಾಕಿ ಇದ್ದಾರೆಂಬ ಧೈರ್ಯ ಅವರಿಗೆ ದೊಡ್ಡ ಬಲ.

ಕಾಳಿಗೆ ಹೇಳಿದ ಮಾತೇ ಸೊಪ್ಪಿಗೂ ಹಣ್ಣಿಗೂ. ನುಗ್ಗೆಸೊಪ್ಪಿನ ಪುಡಿ ಡಬ್ಬಿಯಲ್ಲಿ ತರಿಸುವುದೂ ಈಗ ಶುರುವಾಗಿದೆ. ನಿಮ್ಮ ಬೀದಿಗೆ ಬರುವ ಸೊಪ್ಪಿನವಳ ಹತ್ತಿರ ಕೇಳು, ಹಸಿ ಸೊಪ್ಪು ತಂದುಕೊಡುತ್ತಾಳೆ. ಬೆಣ್ಣೆಹಣ್ಣು ತಿನ್ನುವ ಆಸೆಯಿದ್ದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ್ದು ಸುಗ್ಗಿಯಲ್ಲಿ ಬಂದಾಗ ತಿನ್ನು, ಹಡಗು ಹತ್ತಿ ಬಂದದ್ದು ಬೇಕಿಲ್ಲ. ಯಾವ ತಿಂಗಳಲ್ಲಿ ಏನು ಅಗ್ಗವೋ ಆ ತಿಂಗಳಿಗೆ ಅದೇ ಒಳ್ಳೆಯದು.

ಕೊನೆಯದು, ಎಲ್ಲಕ್ಕಿಂತ ಸುಲಭದ್ದು: ತಂದದ್ದನ್ನು ಚೆಲ್ಲಬೇಡ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, 2022ರಲ್ಲಿ ಜಗತ್ತು ಚೆಲ್ಲಿದ ಆಹಾರ 105 ಕೋಟಿ ಟನ್, ಅದರಲ್ಲಿ ಶೇ. 60ರಷ್ಟು ಮನೆಗಳಿಂದಲೇ ಹೋದದ್ದು. ಸಾವಯವ ಸೊಪ್ಪು ತಂದು ಫ್ರಿಜ್ಜಿನಲ್ಲಿ ಕೊಳೆಸಿದರೆ ಬೆಳೆದವರ ಬೆವರು, ನೀರು, ನಿನ್ನ ದುಡ್ಡು ಮೂರೂ ದಂಡ.

ಈ ತಿಂಗಳಿಗೆ ಎರಡು ಕೆಜಿ ರಾಗಿ, ಒಂದು ಕೆಜಿ ಪಾಲಿಶ್ ಮಾಡದ ಸಾಮೆ, ಅರ್ಧ ಕೆಜಿ ಹುರುಳಿ ಬರೆದುಕೊ. ಅದನ್ನು ಪೂರ್ತಿ ಮುಗಿಸಿದ ಮೇಲೆ ನವಣೆಯೋ ಕೊರಲೆಯೋ ನೋಡೋಣ. ಮುದ್ದೆ ಗಂಟಾದರೆ ಫೋನ್ ಮಾಡು, ಕೋಲು ತಿರುವುವುದನ್ನು ವಿಡಿಯೋದಲ್ಲೇ ತೋರಿಸಿಕೊಡುತ್ತೇನೆ. ಹಬ್ಬಕ್ಕೆ ಇಬ್ಬರೂ ಊರಿಗೆ ಬನ್ನಿ, ಹೋಗುವಾಗ ಚೀಲ ತುಂಬ ಕಾಳು ಕಟ್ಟಿಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ